ಬಳ್ಳಾರಿ ಬಿಸಿಲಲ್ಲಿ ಆಸ್ಟ್ರೇಲಿಯಾದ ಹಾವರಾಣಿ

ಕನ್ನಿಂಗ್‌ಹ್ಯಾಮ್ ಸ್ಕಿಂಕ್ ಸಾಕುವವರು ಮೊದಲು ಕಲ್ಲಿನ ಸಂದು ಹೊಂದಿಸಿಕೊಳ್ಳಬೇಕು. ಲೈಟು, ಊಟ ಎಲ್ಲಾ ಆಮೇಲೆ. ಇದು ನಮ್ಮ ಹಾವರಾಣಿಯ ಬಳಗದ್ದೇ, ಆದರೆ ಮೈ ದಪ್ಪ. ಬಾಲ ಸೇರಿ ಸುಮಾರು 40 ಸೆಂ.ಮೀ. ತನಕ ಬೆಳೆಯುತ್ತದೆ. ಆಸ್ಟ್ರೇಲಿಯಾದ ಆಗ್ನೇಯ ಭಾಗದಲ್ಲಿ ಬಂಡೆಗಳ ಬಿರುಕಿನಲ್ಲಿ ಸಂಸಾರ ಸಮೇತ ಇರುತ್ತದೆ. ಹೆದರಿದರೆ ಸಂದಿಗೆ ನುಗ್ಗಿ, ಉಸಿರು ತುಂಬಿಕೊಂಡು ಮೈ ಉಬ್ಬಿಸುತ್ತದೆ. ಬೆನ್ನಿನ ಮುಳ್ಳಿನಂಥ ಹುರುಪೆ ಮೇಲಿನ ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಆಗ ಎಳೆದರೂ ಬರುವುದಿಲ್ಲ, ಎಳೆಯಲೂ ಬಾರದು.

ಆಸ್ಟ್ರೇಲಿಯಾ ತನ್ನ ಹಲ್ಲಿ, ಹಾವುಗಳನ್ನು ಜೀವಂತವಾಗಿ ವ್ಯಾಪಾರಕ್ಕೆ ಹೊರಗೆ ಬಿಡುವುದಿಲ್ಲ. ಹಾಗಾಗಿ ಸಾಕಿದವರ ಮನೆಯಲ್ಲೇ ಹುಟ್ಟಿದ ಮರಿಯನ್ನು ಕಾಗದಪತ್ರ ನೋಡಿಯೇ ತಂದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿದೆ. ಬಿಲ್ ಕೇಳಬೇಡಿ ಅನ್ನುವವರ ಹತ್ತಿರ ಹೋಗಲೇಬೇಡಿ.

ಕಲ್ಲಿಗೆ ನಮ್ಮೂರಲ್ಲಿ ಬರವೇ? ಫರ್ಸಿ ಅಂಗಡಿಗಳಲ್ಲಿ ಒಡೆದ ತುಂಡುಗಳು ಸುಮ್ನೆ ಬಿದ್ದಿರುತ್ತವೆ. ತೊಳೆದು, ಒಣಗಿಸಿ, ನಡುವೆ ಚಕ್ಕೆ ಕೊಟ್ಟು ಒಂದರ ಮೇಲೊಂದು ಪೇರಿಸಿ ಸಿಮೆಂಟ್ ಹಾಕಿದೆ. ಸಂದಿನ ಬಾಯಿ ಎರಡು ಬೆರಳಿನಷ್ಟು, ಒಳಗೆ ಹೋದಂತೆ ಇನ್ನೂ ಕಿರಿದು. ಪ್ರಾಣಿ ಒಳಗೆ ಮಲಗಿದಾಗ ಹೊಟ್ಟೆ ಕೆಳಗಿನ ಕಲ್ಲಿಗೂ ಬೆನ್ನು ಮೇಲಿನ ಕಲ್ಲಿಗೂ ತಾಗುತ್ತಿರಬೇಕು. ಅಗಲವಾದ ಸಂದು ಕೊಟ್ಟರೆ ಅದಕ್ಕೆ ನೆಮ್ಮದಿಯೇ ಇಲ್ಲ, ಮೂಲೆಯಿಂದ ಮೂಲೆಗೆ ಓಡುತ್ತದೆ. ಅಡಿಗಲ್ಲು ನೇರ ಪೆಟ್ಟಿಗೆಯ ತಳದ ಮೇಲೇ ಕೂರಬೇಕು, ಮರಳು ಆಮೇಲೆ ಸುರಿಯಬೇಕು. ಇವು ಮಣ್ಣು ಕೆದಕುತ್ತವೆ. ಮರಳಿನ ಮೇಲೆ ಕಲ್ಲಿಟ್ಟರೆ ಒಂದಿನ ಕುಸಿದು ಜೀವಕ್ಕೇ ಕುತ್ತು. ಲೈಟಿನ ಕೆಳಗೆ ಕಪ್ಪು ಕಡಪ ಕಲ್ಲು ಬೇಡ, ಕಾಯುವುದು ಜಾಸ್ತಿ. ಅಲ್ಲಿಗೆ ತಿಳಿ ಬಣ್ಣದ ಶಹಾಬಾದ್ ಕಲ್ಲೇ ವಾಸಿ.

ಹೊರದೇಶದವರು ಹೇಳುವುದೆಲ್ಲಾ ಬಿಸಿ ಮಾಡುವ ಬಗ್ಗೆ. ನಮಗೆ ಬೇಕಿರುವುದು ತಂಪು ಮಾಡುವ ದಾರಿ, ಅಲ್ವಾ? ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ 40 ಡಿಗ್ರಿ ದಾಟುತ್ತದೆ. ಆ ಬಿಸಿಯಲ್ಲಿ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡರೆ ಈ ಪ್ರಾಣಿ ಉಳಿಯುವುದಿಲ್ಲ. ನಮ್ಮ ಹಳೇ ಮನೆಯ ಗೋಡೆ ದಪ್ಪ ಕಲ್ಲಿನದು. ಬಿಸಿಲು ಬೀಳದ ಉತ್ತರದ ಕೋಣೆಯನ್ನೇ ಇದಕ್ಕೆ ಬಿಟ್ಟುಕೊಟ್ಟೆವು. ಬೇಸಿಗೆಯಲ್ಲಿ ಬಿಸಿ ಬಲ್ಬು ಪೂರ್ತಿ ಬಂದ್, ಬಿಸಿಲಿನಂತೆ ನೇರಳಾತೀತ ಕಿರಣ ಕೊಡುವ ಯುವಿಬಿ ಟ್ಯೂಬ್ ಮಾತ್ರ ಬೆಳಗ್ಗೆ ಉರಿಯುತ್ತದೆ. ಮಧ್ಯಾಹ್ನ ಬಟ್ಟೆ ಸುತ್ತಿದ ಐಸ್ ಬಾಟಲಿಯನ್ನು ಕೆಳಗಿನ ಕಲ್ಲಿಗೆ ಒರಗಿಸುತ್ತೇನೆ. ಕರೆಂಟ್ ಹೋದರೂ ಆ ಕಲ್ಲು ಬಹಳ ಹೊತ್ತು ತಣ್ಣಗಿರುತ್ತದೆ. ಸ್ವಲ್ಪ ಹೊತ್ತಿಗೆ ಕರಕರ ಸದ್ದು ಕೇಳುತ್ತದೆ. ಮೇಲಿನ ಸಂದಿನಿಂದ ಹುರುಪೆ ಉಜ್ಜಿಕೊಂಡು ಕೆಳಗಿನದಕ್ಕೆ ಇಳಿಯುತ್ತಿರುತ್ತದೆ. ಮೇಲೆ ಬಿಸಿ, ಕೆಳಗೆ ತಂಪು ಅಂತ ಹಲವು ಸಂದು ಇದ್ದರೆ ತನಗೆ ಹಿತವಾದದ್ದನ್ನು ತಾನೇ ಹುಡುಕಿಕೊಳ್ಳುತ್ತದೆ. ಚಳಿಗಾಲದಲ್ಲಿ ಬಲ್ಬಿನ ಕೆಳಗಿನ ಕಲ್ಲು 35 ಡಿಗ್ರಿ ಆಸುಪಾಸು, ಇನ್ನೊಂದು ಬದಿ 25ರ ಹತ್ತಿರ ಇಡುತ್ತೇನೆ.

ಊಟ ಸುಲಭ. ಬೆಳೆದ ಪ್ರಾಣಿಗೆ ಸೊಪ್ಪು, ತರಕಾರಿಯೇ ಹೆಚ್ಚು: ನುಗ್ಗೆ ಸೊಪ್ಪು, ತುರಿದ ಕುಂಬಳ, ಒಂದೊಂದು ದಾಸವಾಳ ಹೂ. ಹುಳುಹುಪ್ಪಟೆ ತಿನ್ನಿಸಲು ಮನೆಯಲ್ಲೇ ಡಬ್ಬಿಯಲ್ಲಿ ಜಿರಳೆ ಸಾಕಿದ್ದೇನೆ, ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡುತ್ತೇನೆ. ಹೊಲದ ಮಿಡತೆ ಮಾತ್ರ ಖಂಡಿತ ಬೇಡ. ನಮ್ಮ ಕಡೆ ಹತ್ತಿಗೂ ಮೆಣಸಿನಕಾಯಿಗೂ ಹೊಡೆಯುವ ಔಷಧಿ ಎಷ್ಟು ಅಂತ ನಿಮಗೇ ಗೊತ್ತು.

ನೋಡಲು ಬಂದವರು ಕೇಳುವುದು ಒಂದೇ, ವಿಷ ಇದೆಯಾ ಅಂತ. ಇಲ್ಲ. ಇದಕ್ಕೂ ಇಲ್ಲ, ನಮ್ಮ ಹಿತ್ತಲಲ್ಲಿ ಓಡಾಡುವ ಹಾವರಾಣಿಗೂ ಇಲ್ಲ. ಕೈಗೆ ಕೊಡಿ ಅಂದರೆ ಕೊಡುವುದಿಲ್ಲ. ಸಂದಿನ ಮುಂದೆ ದಾಸವಾಳ ಇಟ್ಟು, ಸದ್ದಿಲ್ಲದೆ ಕೂರಲು ಹೇಳುತ್ತೇನೆ. ಹಸಿದಿದ್ದರೆ ತಾನೇ ಬರುತ್ತದೆ.