ಶ್ವಾಸನಾಳಕ್ಕೆ ಅಡಿಕೆ ಜಾರಿದರೆ ಏನು ಮಾಡಬೇಕು?

ಗದುಗಿನ ಮದುವೆ ಊಟವಿರಲಿ, ಹುಬ್ಬಳ್ಳಿಯ ಗಿರಮಿಟ್ಟಿನ ಅಂಗಡಿಯಿರಲಿ, ಯಾರಿಗಾದರೂ ನೆತ್ತಿಗೇರಿದರೆ ಒಬ್ಬರು ನೆತ್ತಿ ಬಡಿಯುತ್ತಾರೆ, ಇನ್ನೊಬ್ಬರು ನೀರು ಹಿಡಿಯುತ್ತಾರೆ. ಎರಡೂ ಬೇಡ.

ಮೊದಲು ಮಾತಾಡಿಸಿ. ಮಾತು ಹೊರಡುತ್ತಿದ್ದರೆ, ಕೆಮ್ಮು ಜೋರಾಗಿದ್ದರೆ ಕೆಮ್ಮಲು ಬಿಡಿ.

ಎರಡೂ ಇಲ್ಲದೆ ಕೈ ಕುತ್ತಿಗೆಗೆ ಹೋಗಿದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ. ಮುಂದಕ್ಕೆ ಬಗ್ಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಬಲವಾದ ಪೆಟ್ಟು ಕೊಡಿ. ಬಾರದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ತುಸು ಮೇಲೆ, ಎದೆಗೂಡಿನ ಕೆಳಗೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು ಒಳಕ್ಕೆ, ಮೇಲಕ್ಕೆ ಐದು ಬಾರಿ ಜಗ್ಗಿ. ಹೊರಬರುವವರೆಗೆ ಎರಡನ್ನೂ ಸರದಿಯಲ್ಲಿ ಮಾಡಿ. ಗರ್ಭಿಣಿಗೆ ಹೊಟ್ಟೆಯ ಬದಲು ಎದೆಯ ನಡುಮೂಳೆಯ ಮೇಲೆ ಒತ್ತಿ. ಪ್ರಜ್ಞೆ ತಪ್ಪಿದರೆ ಮಲಗಿಸಿ ಎದೆ ಒತ್ತಲು ಆರಂಭಿಸಿ. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಬೇಡಿ. ಆನ್‌ಲೈನ್‌ನಲ್ಲಿ ಮಾರುವ, ಗಂಟಲಲ್ಲಿ ಸಿಕ್ಕಿದ್ದನ್ನು ಹೀರಿ ತೆಗೆಯುವ ಪಂಪನ್ನು ನಾನಂತೂ ಕೊಳ್ಳುವುದಿಲ್ಲ; ಅದರ ಡಬ್ಬಿ ಹುಡುಕುವಷ್ಟು ಹೊತ್ತು ಯಾರಿಗಿದೆ?

ಜನ ಎಡವುವುದು ಇದಾದ ಮೇಲೆ. ಕೆಮ್ಮು ನಿಂತ ತಕ್ಷಣ ‘ಇಳಿಯಿತು ಬಿಡಿ’ ಎಂದು ಮತ್ತೆ ಎಲೆಯ ಮುಂದೆ ಕೂರುತ್ತಾರೆ. ಅಡಿಕೆ ಚೂರು ಎಷ್ಟೋ ಸಲ ಹೊರಗೆ ಬಂದಿರುವುದಿಲ್ಲ, ಹೊಟ್ಟೆಗೂ ಹೋಗಿರುವುದಿಲ್ಲ. ಬಲ ಶ್ವಾಸಕೋಶದ ಕವಲಿಗೆ ಜಾರಿರುತ್ತದೆ. ಆ ಕವಲು ಎಡದ್ದಕ್ಕಿಂತ ಅಗಲ, ಹೆಚ್ಚು ನೇರ. ಅಲ್ಲಿ ಕುಳಿತ ಮೇಲೆ ಕೆಲಕಾಲ ಏನೂ ಅನ್ನಿಸದಿರಬಹುದು. ಆಮೇಲೆ ಬಿಡದ ಕೆಮ್ಮು, ಒಂದೇ ಪಕ್ಕದಲ್ಲಿ ಸುಯ್ಯೆನ್ನುವ ಉಸಿರು, ಮರುಕಳಿಸುವ ನ್ಯುಮೋನಿಯಾ, ಕೆಲವೊಮ್ಮೆ ಕಫದಲ್ಲಿ ರಕ್ತ. ದಮ್ಮೆಂದು ಇನ್‌ಹೇಲರ್, ಕ್ಷಯವೆಂದು ಕಫ ಪರೀಕ್ಷೆ, ಹೀಗೆ ತಿಂಗಳುಗಳು ಸರಿಯುತ್ತವೆ. ಬಾಳೆಹಣ್ಣು, ಅನ್ನದ ಉಂಡೆ ನುಂಗಿಸುವವರಿಗೆ ಒಂದು ಮಾತು: ಅವು ಹೋಗುವುದು ಅನ್ನನಾಳಕ್ಕೆ.

ಎಕ್ಸ್‌ರೇ ಸರಿಯಾಗಿದೆ ಎಂದು ನಿಶ್ಚಿಂತರಾಗಬೇಡಿ. ದರ್ಜಿಯ ಗುಂಡುಪಿನ್ನು ಅದರಲ್ಲಿ ಕಾಣುತ್ತದೆ. ಅಡಿಕೆ, ಶೇಂಗಾ ಸಾಮಾನ್ಯವಾಗಿ ಕಾಣುವುದಿಲ್ಲ. ಸಿ.ಟಿ. ಸ್ಕ್ಯಾನ್ ಹೆಚ್ಚು ತೋರಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಬಾಯಿಮಾತು: ಯಾವಾಗ ನೆತ್ತಿಗೇರಿತು, ಬಾಯಲ್ಲಿ ಏನಿತ್ತು, ಹಲ್ಲುಸೆಟ್ಟಿನ ತುಂಡು ಕಾಣೆಯಾಗಿದೆಯೇ. ಕುಡಿದಿದ್ದರೆ ಅದನ್ನೂ ಹೇಳಿ, ಮನೆಯವರ ಮುಂದೆ ಸಂಕೋಚವಾದರೆ ಅವರನ್ನು ಹೊರಗೆ ಕಳಿಸಿ. ಮದ್ಯ, ನಿದ್ರೆ ಮಾತ್ರೆ, ಪಾರ್ಶ್ವವಾಯು ಇವೆಲ್ಲ ಗಂಟಲಿನ ಎಚ್ಚರವನ್ನು ಕುಗ್ಗಿಸುತ್ತವೆ.

ತೆಗೆಯುವುದು ಬ್ರಾಂಕೋಸ್ಕೋಪಿಯಿಂದ, ಅಂದರೆ ಶ್ವಾಸನಾಳದೊಳಗೆ ನೋಡುವ ಕೊಳವೆ ಇಳಿಸಿ, ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗಳಲ್ಲಿ. ಮುಂದೂಡಬೇಡಿ, ಶೇಂಗಾ ತೇವ ಹೀರಿ ಉಬ್ಬುತ್ತದೆ, ಸುತ್ತ ಮಾಂಸ ಬೆಳೆದರೆ ತೆಗೆಯುವಾಗ ರಕ್ತ ಒಸರುತ್ತದೆ. ಹೊಟ್ಟೆ ಜಗ್ಗಿಸಿಕೊಂಡವರು ವಸ್ತು ಹೊರಬಂದಿದ್ದರೂ ವೈದ್ಯರಿಗೆ ತೋರಿಸಬೇಕು, ಒಳಗೆ ಪೆಟ್ಟಾಗಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಚೀಟಿ ಜೊತೆಗಿರಲಿ. ದಾರಿಯಲ್ಲಿ ಚಹಾ ಕೂಡ ಬೇಡ, ಹೊಟ್ಟೆ ಖಾಲಿಯಿರಬೇಕು.