ನಾನು ಕೂತ ಕಡೆಯಿಂದ ಎಲ್ಲಾ ಸರಿಯಾಗಿಯೇ ಇತ್ತು

ನಮ್ಮದು 26 ಜನರ ತಂಡ. ಮೂರು ಊರುಗಳಲ್ಲಿ ಕೂತು ಯಂತ್ರಭಾಗಗಳ ನಕ್ಷೆ ಬರೆಯುತ್ತೇವೆ. ಎರಡು ಕಚೇರಿಗಳ ಗಡಿಯಾರ ಒಂದೇ. ಮೂರನೆಯದು ನಮಗಿಂತ ನಾಲ್ಕು ಗಂಟೆ ಹಿಂದಿದೆ. ಮೊದಲು ಎಲ್ಲವೂ ಇಮೇಲ್‌ನಲ್ಲೇ ನಡೆಯುತ್ತಿತ್ತು. ಒಂದೇ ನಕ್ಷೆ ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಅಂತ ಮೂರು ಹೆಸರಲ್ಲಿ ಓಡಾಡುತ್ತಿತ್ತು. ಕೊನೆಗೊಮ್ಮೆ ಒಂದು ಕಚೇರಿಯವರು ಹಳೆಯ ನಕ್ಷೆ ಹಿಡಿದು ಎರಡು ದಿನ ದುಡಿದರು. ಆ ಎರಡು ದಿನ ವ್ಯರ್ಥವಾದ ಮೇಲೆ ‘ಏನಾದರೂ ವ್ಯವಸ್ಥೆ ಮಾಡಿ’ ಎಂಬ ಮಾತು ನನ್ನ ಮೇಜಿಗೆ ಬಂತು.

ನಕ್ಷೆಗಳು ನಮ್ಮ ಹಿಡಿತದಲ್ಲಿರುವ ಸರ್ವರ್‌ನಲ್ಲೇ ಇರಬೇಕು ಅಂತ ಗ್ರಾಹಕರ ಒಪ್ಪಂದದಲ್ಲೇ ಇತ್ತು. ಹಾಗಾಗಿ ಫೈಲ್‌ಗಳಿಗೆ ನೆಕ್ಸ್ಟ್‌ಕ್ಲೌಡ್, ಮಾತುಕತೆಗೆ ಜುಲಿಪ್, ವಿಡಿಯೋ ಸಭೆಗೆ ಜಿಟ್ಸಿ ಆರಿಸಿಕೊಂಡೆ. ಮೂರೂ ಓಪನ್ ಸೋರ್ಸ್, ಮೂರನ್ನೂ ನಾವೇ ನಡೆಸಬಹುದು. ಆ ಷರತ್ತು ಇಲ್ಲದಿದ್ದರೆ ಸಿದ್ಧವಾಗಿ ಸಿಗುವ ಯಾವುದಾದರೂ ಸೇವೆಗೆ ಚಂದಾ ಕಟ್ಟಿ ಸುಮ್ನೆ ಇರುತ್ತಿದ್ದೆ. ಸ್ವಂತ ಸರ್ವರ್ ಎಂದರೆ ರಾತ್ರಿ ನಿದ್ದೆಯಲ್ಲಿ ಒಂದು ಪಾಲು ಕೊಟ್ಟ ಹಾಗೆ.

ಎರಡು ದಿನದಲ್ಲಿ ಇನ್‌ಸ್ಟಾಲ್ ಮುಗಿಯಿತು. ಅದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಮೂರೂ ತಂತ್ರಾಂಶಗಳ ಕೈಪಿಡಿ ಚೆನ್ನಾಗಿದೆ, ಹೇಳಿದಂತೆ ಮಾಡಿದರೆ ನಡೆಯುತ್ತದೆ. ಒಂದು ಫೈಲ್ ಹಾಕಿ ನೋಡಿದೆ, ಹೋಯಿತು. ಲ್ಯಾಪ್‌ಟಾಪ್‌ನಿಂದ ನನ್ನದೇ ಫೋನಿಗೆ ವಿಡಿಯೋ ಕರೆ ಮಾಡಿದೆ, ಮುಖ ಕಾಣಿಸಿತು. ‘ರೆಡಿ’ ಅಂತ ಎಲ್ಲರಿಗೂ ಇಮೇಲ್ ಕಳಿಸಿದೆ.

ಮರುದಿನ ಮೊದಲ ಸಭೆ. ನಾನು ಮತ್ತು ಎರಡನೇ ಕಚೇರಿಯ ಸಹೋದ್ಯೋಗಿ ಮೊದಲೇ ಸೇರಿ ಹರಟುತ್ತಿದ್ದೆವು. ಚಿತ್ರ, ಧ್ವನಿ ಎರಡೂ ಸೊಗಸಾಗಿದ್ದವು. ಅಷ್ಟರಲ್ಲಿ ಅದೇ ಕಚೇರಿಯ ಮೇಡಂ ತಮ್ಮ ಮೇಜಿನಿಂದ ಸೇರಿಕೊಂಡರು. ತಟಕ್ಕನೆ ಎಲ್ಲರ ಮುಖವೂ ಕಪ್ಪು, ಧ್ವನಿಯೂ ಇಲ್ಲ. ಅವರು ಹೊರಗೆ ಹೋದರು. ಐದಾರು ಸೆಕೆಂಡಿನಲ್ಲಿ ನಾವಿಬ್ಬರು ಮತ್ತೆ ಕಾಣಿಸಿಕೊಂಡೆವು. ಮತ್ತೆ ಬಂದರು, ಮತ್ತೆ ಕತ್ತಲೆ. ಮೂರನೇ ಸಲ ಆದಾಗ ಆ ಸಹೋದ್ಯೋಗಿ ಚಾಟ್‌ನಲ್ಲಿ ಬರೆದರು: ‘ಮೇಡಂ, ತಪ್ಪು ತಿಳಿಯಬೇಡಿ, ನೀವು ಬಂದ್ರೆ ನಮ್ಮ ಮುಖ ಹೋಗುತ್ತೆ. ಸ್ವಲ್ಪ ಹೊರಗೆ ಇರ್ತೀರಾ?’ ಮೇಡಂ ಇವತ್ತಿಗೂ ಅದನ್ನು ಮರೆತಿಲ್ಲ.

ಕಾರಣ ಆಮೇಲೆ ತಿಳಿಯಿತು. ಸಭೆಯಲ್ಲಿ ಇಬ್ಬರೇ ಇದ್ದಾಗ ಜಿಟ್ಸಿ ಅವರಿಬ್ಬರ ಯಂತ್ರಗಳನ್ನು ನೇರವಾಗಿ ಜೋಡಿಸುತ್ತದೆ. ಚಿತ್ರ ಸರ್ವರ್‌ಗೆ ಹೋಗುವುದೇ ಇಲ್ಲ. ಮೂರನೆಯವರು ಬಂದ ಕೂಡಲೇ ಎಲ್ಲವೂ ಸರ್ವರ್‌ನಲ್ಲಿರುವ ವಿಡಿಯೋ ಬ್ರಿಡ್ಜ್ (ಒಬ್ಬರ ಚಿತ್ರ, ಧ್ವನಿಯನ್ನು ಉಳಿದವರಿಗೆ ಹಂಚುವ ಭಾಗ) ಮೂಲಕ ಹಾಯಬೇಕು. ಅದಕ್ಕೆ ಯುಡಿಪಿ (ಚಿತ್ರ, ಧ್ವನಿಯನ್ನು ಬೇಗ ಸಾಗಿಸುವ ವಿಧಾನ) 10000 ಪೋರ್ಟ್, ಅಂದರೆ ಸರ್ವರ್‌ನ ಆ ಸಂಖ್ಯೆಯ ಬಾಗಿಲು, ತೆರೆದಿರಬೇಕು. ಆ ಬಾಗಿಲುಗಳನ್ನು ಕಾಯುವ ಫೈರ್‌ವಾಲ್‌ನಲ್ಲಿ ನಾನು ವೆಬ್ ಪುಟಗಳಿಗೆ ಬೇಕಾದ 80 ಮತ್ತು 443 ಮಾತ್ರ ತೆರೆದಿದ್ದೆ. ಅಂದರೆ ನನ್ನ ಪರೀಕ್ಷೆಯಲ್ಲಿ ಬ್ರಿಡ್ಜ್ ಒಮ್ಮೆಯೂ ಕೆಲಸ ಮಾಡಿರಲಿಲ್ಲ. ಒಂದೇ ಕೋಣೆಯಲ್ಲಿ ಲ್ಯಾಪ್‌ಟಾಪ್ ಮತ್ತು ಫೋನ್ ಎದುರು ಬದುರು ಇಟ್ಟುಕೊಂಡು ‘ಸಭೆ ನಡೆಯುತ್ತಿದೆ’ ಅಂತ ನಂಬಿದ್ದೆ.

ಪೋರ್ಟ್ ತೆರೆದೆ. ಎರಡು ಕಚೇರಿಗಳಿಗೆ ಸರಿಹೋಯಿತು. ನಾಲ್ಕು ಗಂಟೆ ಹಿಂದಿರುವವರಿಗೆ ಮಾತ್ರ ಕತ್ತಲೆಯೇ. ಅವರು ಕೂರುವ ಕಟ್ಟಡದ ಫೈರ್‌ವಾಲ್ ಹೊರಗೆ ಬಿಡುತ್ತಿದ್ದುದು ಟಿಸಿಪಿ (ವೆಬ್ ಪುಟಗಳು ಸಾಮಾನ್ಯವಾಗಿ ಬಳಸುವ ವಿಧಾನ) 80 ಮತ್ತು 443 ಮಾತ್ರ. ಯುಡಿಪಿ ಪೂರ್ತಿ ಬಂದ್. ಅದನ್ನು ಬದಲಿಸುವುದು ಅವರ ಕೈಯಲ್ಲಿಲ್ಲ, ನನ್ನ ಕೈಯಲ್ಲಂತೂ ಇಲ್ಲವೇ ಇಲ್ಲ. ಇದಕ್ಕೆ ಪರಿಹಾರ ಟರ್ನ್ ಸರ್ವರ್. ಅದು ನಡುವೆ ನಿಂತು ಚಿತ್ರ, ಧ್ವನಿಯನ್ನು ಮಾಮೂಲಿ ವೆಬ್ ಸಂಪರ್ಕದ ಹಾಗೆ 443ರ ಮೂಲಕವೇ ದಾಟಿಸುತ್ತದೆ. ಆದರೆ ಆ 443ರಲ್ಲಿ ಆಗಲೇ ಜಿಟ್ಸಿಯ ವೆಬ್ ಪುಟ ಕೂತಿತ್ತು. ಒಂದೇ ಯಂತ್ರದಲ್ಲಿ ಎರಡನ್ನೂ, ಬರುವ ಸಂಪರ್ಕ ಕೇಳುವ ಸರ್ವರ್ ಹೆಸರು ನೋಡಿ ಬೇರ್ಪಡಿಸುವ ದಾರಿ ಇದೆ. ಒಂದು ಸಂಜೆ ಪೂರ್ತಿ ಗುದ್ದಾಡಿದೆ. ಆಮೇಲೆ ಬಿಟ್ಟು, ಪುಟ್ಟದೊಂದು ಸರ್ವರ್ ಬೇರೆ ತೆಗೆದುಕೊಂಡು ಅದರಲ್ಲಿ ಕೋಟರ್ನ್ ಎಂಬ ಟರ್ನ್ ತಂತ್ರಾಂಶ ಹಾಕಿದೆ. ಇಪ್ಪತ್ತು ನಿಮಿಷದ ಕೆಲಸ. ಜಾಣತನಕ್ಕಿಂತ ಇನ್ನೊಂದು ಯಂತ್ರ ಅಗ್ಗ ಅಂತ ಆವತ್ತು ಅನ್ನಿಸಿತು.

ಫೈಲ್‌ಗಳದ್ದೂ ಇದೇ ಕಥೆ. ನಾನು ಪರೀಕ್ಷೆಗೆ ಹಾಕಿದ್ದು ನಾಲ್ಕು ಸಾಲಿನ ಟೆಕ್ಸ್ಟ್ ಫೈಲ್. ಮೂರನೇ ಕಚೇರಿಯವರು ಹಾಕಿದ್ದು 300 ಎಂಬಿ ನಕ್ಷೆ. ನೆಕ್ಸ್ಟ್‌ಕ್ಲೌಡ್‌ನ ಮುಂದೆ ನಿಂತಿದ್ದ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಅದನ್ನು 413 (ಕಳಿಸಿದ್ದು ತೀರಾ ದೊಡ್ಡದು) ಎಂಬ ದೋಷ ತೋರಿಸಿ ವಾಪಸ್ ಅಟ್ಟಿತು. ನಾವು ಬದಲಿಸದಿದ್ದರೆ ಅದು ಒಂದು ಸಲಕ್ಕೆ ಒಪ್ಪಿಕೊಳ್ಳುವುದು 1 ಎಂಬಿ ಮಾತ್ರ. ನೆಕ್ಸ್ಟ್‌ಕ್ಲೌಡ್ ದೊಡ್ಡ ಫೈಲನ್ನು ತುಂಡು ಮಾಡಿ ಕಳಿಸುತ್ತದೆ ನಿಜ, ಆದರೆ ಆ ತುಂಡೂ 1 ಎಂಬಿಗಿಂತ ದೊಡ್ಡದು. ಒಂದು ಸಾಲು ತಿದ್ದಿದರೆ ಮುಗಿಯುವ ಸಮಸ್ಯೆ. ಆದರೆ ಅಷ್ಟರಲ್ಲಿ ಮೂರನೇ ಕಚೇರಿಯವರು ಸದ್ದಿಲ್ಲದೆ ಇಮೇಲ್‌ಗೆ ಮರಳಿದ್ದರು. ನನಗೆ ಗೊತ್ತಾಗಿದ್ದು ಒಂಬತ್ತು ದಿನ ಕಳೆದ ಮೇಲೆ. ಯಾಕೆ ಹೇಳಲಿಲ್ಲ ಅಂತ ಕೇಳಿದರೆ, ‘ನಮ್ಮ ಇಂಟರ್ನೆಟ್ ನಿಧಾನ ಇರಬೇಕು ಅಂದ್ಕೊಂಡ್ವಿ’ ಎಂದರು. ದೂರದಲ್ಲಿರುವವರು ತಪ್ಪು ತಮ್ಮದೇ ಇರಬೇಕು ಅಂತ ಎಷ್ಟು ಬೇಗ ಒಪ್ಪಿಕೊಳ್ಳುತ್ತಾರೆ ನೋಡಿ.

ಅವರ ಇಂಟರ್ನೆಟ್ ನಿಧಾನವಿರಲಿಲ್ಲ, ಸರ್ವರ್ ದೂರವಿತ್ತು. ನನ್ನ ಮೇಜಿನಿಂದ ಪಿಂಗ್ ಮಾಡಿದರೆ, ಅಂದರೆ ಒಂದು ಪುಟ್ಟ ಸಂದೇಶ ಸರ್ವರ್‌ಗೆ ಹೋಗಿ ಬರುವ ಸಮಯ ಅಳೆದರೆ, 8 ಮಿಲಿಸೆಕೆಂಡ್, ಅಲ್ಲಿಂದ 190. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 10,000 ಕಿಲೋಮೀಟರ್ ದೂರವಿದ್ದರೆ ಹೋಗಿ ಬರಲಿಕ್ಕೇ 100 ಮಿಲಿಸೆಕೆಂಡ್ ಬೇಕು, ಎಷ್ಟು ದುಡ್ಡು ಸುರಿದರೂ ಅದು ಇಳಿಯದು. ಮಾತುಕತೆ ಸಹಜವಾಗಿರಬೇಕಾದರೆ ಧ್ವನಿ ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗೆ ತಲುಪಬೇಕು ಅಂತ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಹೊರಡಿಸಿದ ಜಿ.114 ಶಿಫಾರಸು ಹೇಳುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, ‘ನೀವು ಹೇಳಿ’, ‘ಇಲ್ಲ ನೀವು ಹೇಳಿ’ ಶುರುವಾಗುತ್ತದೆ. ಎರಡನೇ ತಿಂಗಳು ಸರ್ವರ್‌ಗಳನ್ನು ಮೂರೂ ಊರುಗಳ ನಡುವಿನ ಒಂದು ಡೇಟಾ ಸೆಂಟರ್‌ಗೆ ಎತ್ತಿ ಹಾಕಿದೆ. ಪಿಂಗ್ ನನಗೆ 70, ಅವರಿಗೆ 95 ಆಯಿತು. ನನಗೆ ಪುಟ ತೆರೆಯುವುದು ಸ್ವಲ್ಪ ನಿಧಾನವಾಗಿದೆ. ಆಗಲಿ.

ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಫೋನಿನ ಆರಂಕಿ ಕೋಡ್ ಕಡ್ಡಾಯ ಮಾಡಿದ್ದೆ. ಒಬ್ಬರಿಗೆ ಮಾತ್ರ ಯಾವಾಗಲೂ ‘ಕೋಡ್ ತಪ್ಪು’. ಮೂರು ಸಲ ಹೊಸದಾಗಿ ಸೆಟ್ ಮಾಡಿಕೊಟ್ಟೆ. ಕೊನೆಗೆ ವಿಡಿಯೋದಲ್ಲಿ ಫೋನ್ ತೋರಿಸಿ ಎಂದೆ. ಗಡಿಯಾರ ನಾಲ್ಕು ನಿಮಿಷ ಮುಂದಿತ್ತು. ಕೆಲಸಕ್ಕೆ ತಡವಾಗಬಾರದು ಅಂತ ಅವರೇ ಮುಂದೆ ಇಟ್ಟುಕೊಂಡಿದ್ದರಂತೆ! ಆ ಕೋಡ್ ಹುಟ್ಟುವುದೇ ಗಡಿಯಾರ ನೋಡಿಕೊಂಡು, 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಫೋನ್ ತಾನಾಗಿ ಸಮಯ ಹೊಂದಿಸಿಕೊಳ್ಳುವಂತೆ ಮಾಡಿದ ಮೇಲೆ ಸರಿಹೋಯಿತು. ಈಗ ಅವರು ಕೆಲಸಕ್ಕೆ ನಾಲ್ಕು ನಿಮಿಷ ತಡ.

ಗಡಿಯಾರದ ಮಾತು ಬಂತು ಎಂದು ಹೇಳುತ್ತೇನೆ. ‘ನಾಳೆ 10ಕ್ಕೆ ಸಭೆ’ ಅಂತ ನಾನು ಬರೆದೆ. ಮೂರನೇ ಕಚೇರಿಯವರು ಬಂದಿದ್ದು ನಮ್ಮ ಮಧ್ಯಾಹ್ನ 2ಕ್ಕೆ. ಜುಲಿಪ್‌ನಲ್ಲಿ ಸಮಯವನ್ನು ಸಮಯವೆಂದೇ ಗುರುತು ಹಾಕಿ ಬರೆದರೆ ಓದುವವರಿಗೆ ಅವರವರ ಊರಿನ ಗಂಟೆಯಲ್ಲೇ ಕಾಣಿಸುತ್ತದೆ. ಅದನ್ನು ರೂಢಿ ಮಾಡಿಸಲು ಒಂದು ತಿಂಗಳು ಹಿಡಿಯಿತು. ಜುಲಿಪ್ ಆರಿಸಿದ್ದರ ನಿಜವಾದ ಲಾಭ ಮಾತ್ರ ಬೇರೆ. ಅದರಲ್ಲಿ ನಮ್ಮ ಚಾನೆಲ್‌ಗಳ ಪ್ರತಿ ಸಂದೇಶಕ್ಕೂ ಟಾಪಿಕ್, ಅಂದರೆ ವಿಷಯದ ಹೆಸರು, ಇರುತ್ತದೆ. ನಾವು ನಾಲ್ಕು ಗಂಟೆ ಮಾತಾಡಿ ಮುಗಿಸಿದ ಮೇಲೆ ಕೆಲಸಕ್ಕೆ ಕೂರುವವರು ಇನ್ನೂರು ಸಂದೇಶ ಉರುಳಿಸುತ್ತಾ ಹೋಗಬೇಕಿಲ್ಲ, ತಮಗೆ ಬೇಕಾದ ಎರಡು ಟಾಪಿಕ್ ಓದಿದರೆ ಸಾಕು. ನಮಗೆ ಮಾತ್ರ ಇದು ಕಿರಿಕಿರಿ. ‘ಒಂದು ಹೂಂ ಅನ್ನೋಕೂ ಟಾಪಿಕ್ ಹಾಕಬೇಕಾ?’ ಅಂತ ಪಕ್ಕದ ಮೇಜಿನವರು ಈಗಲೂ ಗೊಣಗುತ್ತಾರೆ.

ಬ್ಯಾಕಪ್ ಬಗ್ಗೆ ಒಂದೇ ಮಾತು. ಫೈಲ್‌ಗಳು ಮತ್ತು ಡೇಟಾಬೇಸ್ ಪ್ರತಿ ರಾತ್ರಿ ನಕಲಾಗುತ್ತಿದ್ದವು. ಬೇರೊಂದು ಯಂತ್ರದಲ್ಲಿ ಅದರಿಂದಲೇ ನೆಕ್ಸ್ಟ್‌ಕ್ಲೌಡ್ ಎಬ್ಬಿಸಿ ನೋಡೋಣ ಅಂತ ಕೂತಾಗ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೋಲ್ಡರ್ ನಕಲಿನಲ್ಲಿ ಬಿಟ್ಟುಹೋಗಿದ್ದು ಕಂಡಿತು. ಅದರಲ್ಲೇ ಇರುವುದು ಸರ್ವರ್‌ನ ಗುಟ್ಟಿನ ಕೀಲಿ.

ಈಗ ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಅದರಲ್ಲಿ 443 ಬಿಟ್ಟು ಹೊರಗೆ ಹೋಗುವ ದಾರಿಗಳನ್ನೆಲ್ಲ ನಾನೇ ಮುಚ್ಚಿದ್ದೇನೆ, ಇಂಟರ್ನೆಟ್ ಫೋನಿನ ಹಾಟ್‌ಸ್ಪಾಟ್‌ನಿಂದ. ಏನೇ ಬದಲಿಸಿದರೂ ಮೊದಲು ಅದರಿಂದ ಒಂದು ದೊಡ್ಡ ಫೈಲ್ ಏರಿಸಿ, ಮೂವರ ಸಭೆ ನಡೆಸಿ ನೋಡುತ್ತೇನೆ. ಆಮೇಲೂ ಮೂರನೇ ಕಚೇರಿಯ ಒಬ್ಬರಿಗೆ ಫೋನ್ ಮಾಡಿ ‘ನಿಮ್ಮ ಕಡೆ ಹೇಗಿದೆ?’ ಅಂತ ಕೇಳುತ್ತೇನೆ. ಮುಂದಿನ ವಾರ ನೆಕ್ಸ್ಟ್‌ಕ್ಲೌಡ್ ಎರಡು ಆವೃತ್ತಿ ಮೇಲೇರಬೇಕಿದೆ. ನಡುವಿನದನ್ನು ಹಾರಿ ಹೋಗಲು ಅದು ಬಿಡುವುದಿಲ್ಲ, ಒಂದೊಂದೇ ಮೆಟ್ಟಿಲು. ನಮಗೆ ಬಿಡುವಿರುವ ಸಂಜೆ ಅವರಿಗೆ ನಡುಮಧ್ಯಾಹ್ನ, ‘ಆಗ ಬೇಡ’ ಎಂದಿದ್ದಾರೆ. ಹಾಗಾಗಿ ಶನಿವಾರ ನಡುರಾತ್ರಿ ಅಂತ ಗೊತ್ತು ಮಾಡಿದ್ದೇನೆ. ಟಾಪಿಕ್ ಹಾಕಿ, ಸಮಯಕ್ಕೆ ಗುರುತು ಹಾಕಿಯೇ ಬರೆದಿದ್ದೇನೆ.