ಗಂಟೆ ಲೆಕ್ಕ ಬಿಟ್ಟು ಕೋಶ ಎಣಿಸಿದೆ: ಇಲಿ ಭ್ರೂಣದ ಜೊತೆ ನನ್ನ ಅನುಭವ

ಕೊನೆಗೂ ಬಂತು. ಒಂದೂವರೆ ವರ್ಷ ಚುಕ್ಕೆ ಚೆಲ್ಲಿದ ಹಾಗಿದ್ದ ಗ್ರಾಫು ಹೋದ ತಿಂಗಳು ಸರಿಯಾಗಿ ಇಳಿಯುವ ಗೆರೆಯಾಯಿತು. "ಜೀವ ಇರೋ ಭ್ರೂಣದಲ್ಲಿ ಕೋಶ ಎಣಿಸ್ತಾ ಕೂತರೆ ಕೆಲಸ ಮುಗಿಯಲ್ಲ" ಅಂತ ಲ್ಯಾಬಿನಲ್ಲಿ ಎಲ್ಲರೂ ಹೇಳಿದ್ದರು. ಮುಗಿಯಿತು.

ನನಗೆ ಬೇಕಿದ್ದದ್ದು ಇಷ್ಟೇ. ಬ್ಲಾಸ್ಟೊಸಿಸ್ಟಿನ (ಗರ್ಭಕೋಶಕ್ಕೆ ಅಂಟುವ ಮೊದಲಿನ, ಒಳಗೆ ಕುಳಿ ಇರುವ ಭ್ರೂಣ) ಒಳಗಿನ ಕೋಶಗಳು ಎಪಿಬ್ಲಾಸ್ಟ್ (ಮುಂದೆ ಮರಿಯ ದೇಹವಾಗುವ ಭಾಗ) ಆಗಬೇಕೋ ಪ್ರಿಮಿಟಿವ್ ಎಂಡೋಡರ್ಮ್ (ಮುಖ್ಯವಾಗಿ ಯೋಕ್ ಸ್ಯಾಕ್ ಪೊರೆಯಾಗುವ ಭಾಗ) ಆಗಬೇಕೋ ಅಂತ ತೀರ್ಮಾನ ಮಾಡುತ್ತವಲ್ಲ, ಆ ತೀರ್ಮಾನವನ್ನು ಎಲ್ಲಿಯವರೆಗೆ ಬದಲಿಸಬಹುದು? ಎಂಇಕೆ ಅನ್ನುವ, ಕೋಶದೊಳಗೆ ಸಂಕೇತ ಸಾಗಿಸುವ ಕಿಣ್ವವನ್ನು ತಡೆಯುವ ಪಿಡಿ0325901 (ಪಿಡಿ) ಬೇಗ ಹಾಕಿದರೆ ಒಳಗಿನ ಕೋಶಗಳೆಲ್ಲ ನ್ಯಾನಾಗ್ ಕಡೆ, ಅಂದರೆ ಎಪಿಬ್ಲಾಸ್ಟಿನ ಗುರುತಾದ ಪ್ರೊಟೀನ್ ಕಡೆ, ವಾಲುತ್ತವೆ ಅಂತ 2009-10ರ ಪೇಪರ್‌ಗಳಿಂದಲೇ ಗೊತ್ತು. ಆದರೆ ಬೇಗ ಅಂದರೆ ಎಷ್ಟು ಬೇಗ? ನನ್ನ ತಲೆನೋವು ಅದೇ.

ಮೊದಲು ಎಲ್ಲರ ಹಾಗೆ ಗಂಟೆ ಲೆಕ್ಕ ಹಿಡಿದೆ. ಪ್ಲಗ್ (ಇಲಿ ಕೂಡಿದ ಗುರುತು) ನೋಡಿ 3.5ನೇ ದಿನ ಭ್ರೂಣ ತೆಗೆದು, ಪಿಡಿ ಹಾಕಿ, ಮರುದಿನ ಬಣ್ಣ ಹಾಕುವುದು. ಒಂದೇ ತಾಯಿಯ ಎರಡು ಭ್ರೂಣ: ಒಂದು ಪೂರ್ತಿ ನ್ಯಾನಾಗ್, ಪಕ್ಕದ್ದು ಅರ್ಧಕ್ಕರ್ಧ ಗಾಟಾ6, ಅಂದರೆ ಪ್ರಿಮಿಟಿವ್ ಎಂಡೋಡರ್ಮಿನ ಗುರುತು. ಡೋಸ್ ತಪ್ಪಿರಬೇಕು ಅಂತ ಅದನ್ನೇ ಹಿಡಿದುಕೊಂಡು ನಾಲ್ಕು ತಿಂಗಳು ಹಾಳು ಮಾಡಿದೆ. ಡೋಸ್ ಸರಿಯಾಗೇ ಇತ್ತು, 1 ಮೈಕ್ರೊಮೋಲಾರ್.

ಅದರ ಮಧ್ಯೆ ಮೂರು ವಾರ ಭ್ರೂಣಗಳೆಲ್ಲ ಸತ್ತವು. ಭ್ರೂಣ ಬೆಳೆಸುವ ದ್ರಾವಣ ಕೆಎಸ್‌ಒಎಂ ಬದಲಿಸಿದೆ, ಇನ್ಕ್ಯುಬೇಟರ್ ಬದಲಿಸಿದೆ. ಆಮೇಲೆ ನೋಡಿದರೆ ಆ ದ್ರಾವಣದ ಹನಿಗಳ ಮೇಲೆ ಮುಚ್ಚುವ ಮಿನರಲ್ ಆಯಿಲ್ ಬಾಟಲಿ ಕಿಟಕಿ ಪಕ್ಕ ಇತ್ತು. ಬೆಳಕು ಬಿದ್ದ ಎಣ್ಣೆಯಲ್ಲಿ ಪೆರಾಕ್ಸೈಡ್ ಕಟ್ಟುತ್ತದೆ. ಹೊಸ ಬಾಟಲಿ ತೆರೆದು ಫಾಯಿಲ್ ಸುತ್ತಿಟ್ಟೆ, ಆ ವಾರವೇ ಸರಿಹೋಯಿತು.

ಆಮೇಲೆ ರಾತ್ರಿಯಿಡೀ ಲೈವ್ ಇಮೇಜಿಂಗ್ ಮಾಡಲು ಹೋದೆ, ಹತ್ತು ನಿಮಿಷಕ್ಕೊಂದು ಸ್ಟ್ಯಾಕ್ (ಪದರ ಪದರವಾಗಿ ತೆಗೆದ ಚಿತ್ರಗಳ ಕಟ್ಟು). ಬ್ಲಾಸ್ಟೊಸಿಸ್ಟ್ ಆಗಾಗ ಕುಸಿದು ಮತ್ತೆ ಉಬ್ಬುವುದು ಮಾಮೂಲಿ. ನನ್ನವು ಕುಸಿದವು, ಉಬ್ಬಲಿಲ್ಲ. ಬೆಳಿಗ್ಗೆ ನೋಡಿದರೆ ಝೋನಾದ (ಭ್ರೂಣದ ಹೊರ ಕವಚ) ಒಳಗೆ ಒಂದು ಮೂಲೆಯಲ್ಲಿ ಕಂದು ಮುದ್ದೆ. 488 ನ್ಯಾನೊಮೀಟರ್ ಲೇಸರಿನ ಬೆಳಕೇ ಕೊಂದಿತ್ತು. ಮೈಕ್ರೋಸ್ಕೋಪಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಅದಕ್ಕೂ ಆಂಟಿಬಾಡಿಗೂ ಸೇರಿ ಗ್ರಾಂಟಿನ ಮೂರನೇ ಒಂದು ಭಾಗ ಹೋಯಿತು, ಒಂದು ಫಿಗರ್ ಕೂಡ ಬರಲಿಲ್ಲ. ಆಗ ನಿಜವಾಗಿಯೂ ಬಿಟ್ಟುಬಿಡೋಣ ಅನ್ನಿಸಿತ್ತು.

ಉತ್ತರ ಹಳೆಯ ಫೋಟೋಗಳಲ್ಲೇ ಇತ್ತು. ಸುಮ್ನೆ ಕೂತು ನ್ಯೂಕ್ಲಿಯಸ್ ಎಣಿಸಿದೆ. ಒಂದೇ ತಾಯಿಯಿಂದ ಒಂದೇ ಹೊತ್ತಿಗೆ ತೆಗೆದ ಭ್ರೂಣಗಳಲ್ಲಿ ಒಂದಕ್ಕೆ 32 ಕೋಶ, ಇನ್ನೊಂದಕ್ಕೆ 70. ಇವೆರಡನ್ನೂ ಒಂದೇ ವಯಸ್ಸು ಅಂತ ನಾನು ಬರೆದಿಟ್ಟಿದ್ದೆ!

ಅಲ್ಲಿಂದ ಎಚ್2ಬಿ-ಜಿಎಫ್‌ಪಿ ಇಲಿಗಳಿಗೆ ಬಂದೆ, ಅವುಗಳ ನ್ಯೂಕ್ಲಿಯಸ್ ಜೀವ ಇರುವಾಗಲೇ ಹಸಿರಾಗಿ ಹೊಳೆಯುತ್ತದೆ. ಒಂದು ಭ್ರೂಣಕ್ಕೆ ಒಂದೇ ಸ್ಟ್ಯಾಕ್, ಲೇಸರ್ ಎಷ್ಟು ಕಡಿಮೆ ಆಗುತ್ತೋ ಅಷ್ಟು, 3 ಮೈಕ್ರಾನ್ ಅಂತರ. ಚಿತ್ರ ಚೆನ್ನಾಗಿ ಬರಲ್ಲ, ಬೇಕಾಗಿಯೂ ಇಲ್ಲ. ಎಣಿಸಲು ಸಿಕ್ಕರೆ ಸಾಕು. ಎಣಿಸಿದ ತಕ್ಷಣ ಕೋಶಗಳ ಸಂಖ್ಯೆ ನೋಡಿ ಬೇರೆ ಬೇರೆ ಹನಿಗೆ ಹಾಕಿ, ಆಮೇಲೆ ಪಿಡಿ. ಭ್ರೂಣ ಉರುಳದ ಹಾಗೆ ಕೂರಿಸಲು ಒಂದು ಉಪಾಯ ಕಂಡುಕೊಂಡಿದ್ದೇನೆ. ಪೇಪರ್ ಬರುವ ತನಕ ಅದನ್ನು ಹೇಳಲ್ಲ.

ಸುಮಾರು 200 ಭ್ರೂಣ ಮಾಡಿದೆ. 50 ಕೋಶದ ಒಳಗೆ ಪಿಡಿ ಸಿಕ್ಕಿದವು ಹತ್ತರಲ್ಲಿ ಒಂಬತ್ತು ಪೂರ್ತಿ ನ್ಯಾನಾಗ್. 100 ದಾಟಿದ ಮೇಲೆ ಹಾಕಿದರೆ ಹೆಚ್ಚುಕಡಿಮೆ ಏನೂ ಆಗಲ್ಲ. ಮಧ್ಯದವು ಬೆರಕೆ. ಆದರೆ ಒಟ್ಟಿಗೆ ಅಲ್ಲ, ಒಂದೊಂದೇ ಕೋಶ ಬಾಗಿಲು ಹಾಕಿಕೊಳ್ಳುತ್ತಾ ಹೋಗುತ್ತದೆ. ಕೋಶ ಹೆಚ್ಚಿದಂತೆ ಪಿಡಿಯ ಪರಿಣಾಮ ತೋರಿಸುವ ಗೆರೆ ಇಳಿಜಾರಾಗಿದ್ದದ್ದು ಅದಕ್ಕೇ.

ಒಂದು ಪಕ್ಕದ ಪ್ರಯೋಗವನ್ನೂ ಹೇಳಬೇಕು. ಆಸಿಡ್ ಟೈರೋಡ್ ಅನ್ನುವ ಆಮ್ಲ ದ್ರಾವಣದಲ್ಲಿ ಝೋನಾ ಕರಗಿಸಿ, 8 ಕೋಶದ ಎರಡು ಭ್ರೂಣ ಅಂಟಿಸಿದೆ. 1961ರಲ್ಲಿ ಪೋಲೆಂಡಿನ ಭ್ರೂಣಶಾಸ್ತ್ರಜ್ಞ ತಾರ್ಕೋವ್‌ಸ್ಕಿ ಮಾಡಿ ತೋರಿಸಿದ ಕೆಲಸವೇ. ಜೋಡಿ ಭ್ರೂಣದಲ್ಲಿ ಕೋಶ ಎರಡರಷ್ಟು. ಆದರೂ ಒಳಗಿನ ಕುಳಿ ಒಂಟಿ ಭ್ರೂಣಗಳ ಜೊತೆಗೇ ಕಾಣಿಸಿಕೊಂಡಿತು, ಮೊದಲೇ ಅಲ್ಲ. ನನ್ನ ಲೆಕ್ಕ ಅಲ್ಲಿ ತಪ್ಪಿತು. 100 ಕೋಶ ಇದ್ದರೂ ಅವು ಪಿಡಿಗೆ ಬಗ್ಗಿದವು. ಸಂಖ್ಯೆಯನ್ನು ಎರಡರಿಂದ ಭಾಗಿಸಿದೆ ನೋಡಿ, ಅದೇ ಗೆರೆ ಮೇಲೆ ಬಂದು ಕೂತವು! ಅಂದರೆ ಒಟ್ಟು ಎಷ್ಟು ಕೋಶ ಅನ್ನುವುದಲ್ಲ, ಎಷ್ಟು ಸಲ ಒಡೆದಿವೆ ಅನ್ನುವುದು ಮುಖ್ಯ ಅಂತ ನನ್ನ ಅಂದಾಜು. ಇದ್ದದ್ದು ಹನ್ನೆರಡೇ ಜೋಡಿ, ಇನ್ನೂ ಜಾಸ್ತಿ ಮಾಡಬೇಕು.

ಎಣಿಸಿ ಆರಿಸಿದ ಭ್ರೂಣಗಳನ್ನೇ 2ಐ (ಪಿಡಿಯೂ ಸೇರಿ ಎರಡು ತಡೆ ಔಷಧಗಳ ಮಿಶ್ರಣ) ಮತ್ತು ಲಿಫ್‌ (ಸ್ಟೆಮ್ ಸೆಲ್ ಉಳಿಸುವ ಪ್ರೊಟೀನ್) ಇರುವ ದ್ರಾವಣಕ್ಕೆ ಹಾಕಿ ಸ್ಟೆಮ್ ಸೆಲ್ ಲೈನ್ (ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಕಾಂಡಕೋಶಗಳು) ಕೂಡ ತೆಗೆದೆ. ಹತ್ತು ಹಾಕಿದರೆ ಏಳೆಂಟು ಹಿಡಿಯುತ್ತಿವೆ. ಮೊದಲು ಮೂರೋ ನಾಲ್ಕೋ.

ಬೇಡ ಅಂದವರಲ್ಲೇ ಇಬ್ಬರು ಈಗ ತಮ್ಮ ಭ್ರೂಣ ತಂದು ಎಣಿಸಿಕೊಡು ಅನ್ನುತ್ತಾರೆ. ಖುಷಿಯಿಂದ ಮಾಡಿಕೊಡುತ್ತೇನೆ, ಬೆಳಿಗ್ಗೆ ಏಳಕ್ಕೇ ತರಬೇಕು ಅಷ್ಟೇ. ಮಧ್ಯಾಹ್ನ ದಾಟಿಸಿ ತಂದರೆ ಅರ್ಧಕ್ಕರ್ಧ 60 ಮೀರಿರುತ್ತವೆ.